ಶೀಲಕ್ಕನ ಫ್ರಾನ್ಸ್ ಬೆಕ್ಕು

ಮುಂಬಯಿಯ ಮಲಾಡ್ ಸ್ಟೇಷನ್ ಹೊರಗಿನ ಬಸ್ ಕ್ಯೂನಲ್ಲಿ ಮುಂದೆ ನಿಂತ ಇಬ್ಬರು ಹೆಂಗಸರ ಕನ್ನಡ ಕೇಳಿದ್ದೇ ತಡ, ರುಕ್ಮಿಣಿಬಾಯಿ ಬಿಸಿಲು ಮರೆತಳು.

"ಶೀಲಕ್ಕ, ಆ ಫ್ರಾನ್ಸ್ ಹುಡುಗಿಗೆ ರೂಮು ಕೊಟ್ಟದ್ದು ಸರಿ. ಅವಳ ಬೆಕ್ಕು ಯಾಕೆ ಬೇಕಿತ್ತು?"

"ಓದಲಿಕ್ಕೆ ಅಷ್ಟು ದೂರದಿಂದ ಬಂದವಳು, ಬೆಕ್ಕನ್ನು ಎಲ್ಲಿ ಬಿಡಬೇಕು ನಮಿತಾ?"

"ಬಾಡಿಗೆಯವರು ಪ್ರಾಣಿ ಸಾಕಬಾರದು ಅಂತ ಸೊಸೈಟಿ ರೂಲ್ ಉಂಟಲ್ಲ. ಸೆಕ್ರೆಟರಿ ಅವಳನ್ನೂ ಬೆಕ್ಕನ್ನೂ ಹೊರಗೆ ಹಾಕಿಸುತ್ತಾರೆ."

"ಓನರ್ ಸಾಕಬಹುದು. ಬೆಕ್ಕು ನನ್ನದು ಅಂತ ಬರೆದುಕೊಟ್ಟೆ."

"ನಂಬಿದರಾ?"

"ಎಲ್ಲಿಂದ? ಅದು ಯಾರ ಹತ್ತಿರ ಹೋಗುತ್ತದೆ ನೋಡಲಿಕ್ಕೆ ಇವತ್ತು ಸಂಜೆ ಐದಕ್ಕೆ ಬರುತ್ತಾರಂತೆ."

"ಅದು ಹುಡುಗಿಯ ಹತ್ತಿರ ಹೋದರೆ ಮುಗಿಯಿತು."

"ಹದಿನೈದು ದಿನದಿಂದ ನಾನು ಹುರಿದ ಬಂಗುಡೆ ತಿನ್ನುತ್ತಿದೆ. ಅವಳು ಹಾಕುವ ಡಬ್ಬಿ ತಿಂಡಿಯನ್ನು ಈಗ ಮೂಸಿಯೂ ನೋಡುವುದಿಲ್ಲ."

ಶೀಲಕ್ಕ ಕೈಚೀಲ ಎತ್ತಿ ತೋರಿಸಿದಳು. ಮೀನಿನ ವಾಸನೆಗೆ ರುಕ್ಮಿಣಿಬಾಯಿಯ ಸೆರಗು ಮೂಗಿಗೆ ಹೋಯಿತು.

"ಐದಕ್ಕೆ ಸರಿಯಾಗಿ ಒಲೆ ಮೇಲೆ ಕಾವಲಿ ಇಡುತ್ತೇನೆ. ಸೆಕ್ರೆಟರಿ ಕುರ್ಚಿ ಹಾಕಿಕೊಂಡು ನೋಡಲಿ, ಬೆಕ್ಕು ಯಾರದು ಅಂತ."

ಬಸ್ಸು ಬಂತು. ಹಿಂದಿನವರು ನುಗ್ಗಿದರು. ಹುಟ್ಟಿದಂದಿನಿಂದ ಮೀನು ಮುಟ್ಟದ ರುಕ್ಮಿಣಿಬಾಯಿ ಎರಡೂ ಕೈ ಅಡ್ಡ ಹಿಡಿದಳು.

"ಸರೀರಿ, ಮದಲ ಆಕಿ ಹತ್ತಲಿ. ಐದರೊಳಗ ಆಕಿ ಮನಿ ಮುಟ್ಟಬೇಕು."