ಕ್ಲಿಪ್‌ಬೋರ್ಡಿನಲ್ಲಿ ಕಾದಿದ್ದ ಶ್ರದ್ಧಾಂಜಲಿ

ದಿಲಾವರನ ಕಿವಿ ಎಂಥವೆಂದರೆ, ಅಬ್ಬಿಗೇರಿಯಲ್ಲಿ ಇರುವೆ ಕೆಮ್ಮಿದರೆ ರೋಣದಲ್ಲಿ ಅವನಿಗೆ ಕೇಳಿಸುತ್ತದೆ. ದವಾಖಾನೆಯ ಬಾಕಿನ ಮೇಲೆ ಪಕ್ಕದಲ್ಲೇ ನಿರ್ಮಲಾ ತನ್ನ ಗಂಡ, ಫ್ಲೆಕ್ಸ್ ಅಂಗಡಿಯ ಅಮರೇಶನನ್ನು ಝಾಡಿಸುತ್ತಿದ್ದಾಗ ಬಿಟ್ಟಾನೆಯೇ?

“ಅಪ್ಪ ಆರಾಮದಾನಂತ ಬೀಗರ ವಾಟ್ಸಾಪ್ ಗ್ರೂಪಿಗೆ ಹಾಕಂದ್ರ, ಶ್ರದ್ಧಾಂಜಲಿ ಹಾಕೀರಲ್ರಿ!”

“ಕೈ ತಪ್ಪೇತಿ. ಕಂಪ್ಯೂಟರಿನ ಕ್ಲಿಪ್‌ಬೋರ್ಡ್ ಮ್ಯಾನೇಜರಿನ್ಯಾಗ ಕಾಪಿ ಮಾಡಿದ್ದೆಲ್ಲಾ ಸಾಲಾಗಿ ಕುಂತಿರ್ತಾವ. ಮ್ಯಾಲಿಂದು ಒತ್ತೂ ಬದಲಿ ಕೆಳಗಿಂದು ಒತ್ತಿದೆ.”

“ಒತ್ತಿದ್ದು ಇರ್ಲಿ. ಬರದದ್ದು ಯಾವಾಗ?”

“ಮೊನ್ನೆ, ಮಾವ ಅಡ್ಮಿಟ್ ಆದಾಗ.”

“ಜೀವ ಇದ್ದಾಗ?”

“ಆಮ್ಯಾಲ ಫ್ಲೆಕ್ಸಿಗೆ ಗಡಿಬಿಡಿ ಆಗ್ತೈತೆಲ್ಲಾ. ಅಳಿಸಿ ಹೋಗಬಾರ್ದಂತ ಪಿನ್ ಸೈತ ಮಾಡಿಟ್ಟಿದ್ದೆ.”

“ಥೂ, ಹೇಸಿಗಿ! ರಣಹದ್ದು ಸೈತ ಜೀವ ಹೋಗೂತನಕ ಕಾಯ್ತೈತಿ.”

ಆ ‘ಥೂ’ಗೆ ಗೋಡೆಯ ಫ್ಯಾನು ಉಲ್ಟಾ ತಿರುಗಿತೆಂದು ದಿಲಾವರ ಆಣೆ ಮಾಡಿ ಹೇಳುತ್ತಾನೆ.

ಒಳಗಿನಿಂದ ನರ್ಸಮ್ಮ ಕೂಗಿದಳು. “ಗುರುಸಂಗಪ್ಪಜ್ಜನ ಮಂದಿ ಯಾರ್ರಿ? ಅಜ್ಜ ರೊಟ್ಟಿ ಬೇಡಾಕತ್ತಾನ.”

ಅಷ್ಟರಲ್ಲಿ ಗೇಟಿಗೆ ಜೀಪು ಬಂದು, ರಾಜೂರದ ಬೀಗರು ಹೊಳೆ ಹರಿದಂತೆ ಅಳುತ್ತ ಇಳಿದರು. ಕೈಯಲ್ಲಿ ಆನೆಗೂ ಉದ್ದವಾಗುವಂಥ ಹಾರ.

ನಿರ್ಮಲಾ ಬುತ್ತಿ ಎತ್ತಿಕೊಂಡಳು. “ಹೋಗ್ರಿ, ಆ ಹಾರ ನೀವ ಕೊಳ್ಳಾಗ ಹಾಕ್ಕೊಂಡು ನಿಲ್ರಿ. ನಾ ಅಪ್ಪಗ ಉಣ್ಣಸ್ತೀನಿ.”

ಅವಳು ಒಳಗೆ ಹೋದಳು. ಅಮರೇಶ ಗೇಟಿನ ಕಡೆಗೆ ನಡೆದ.