ಮುಳುಗಸೋರ ತೊಟ್ಟಿ, ನನ್ನ ಚೊಂಬು ನೀರು

...ಅಲ್ಲ, ನಾ ಹೇಳೋದು ಒಂದು, ನೀವು ಮಾಡೋದು ಒಂದು. ಸನ್ನಿ, ಬಾಗಲ ಮುಂದಿನ ಹೊಸ ಸಿಮೆಂಟಿನ ಕಟ್ಟಿಗೆ ನೀರು ಹಾಕಿ ಬಾ ಅಂದ್ರ ಚೊಂಬು ಹಿಡಕೊಂಡು ಹೋಗಿ ನಾಕು ಹನಿ ಚಿಮುಕಿಸಿ ಓಡಿ ಬಂದಿಯಲ್ಲೋ. ಸಿಮೆಂಟಿಗೆ ಹಂಗ ಮಾಡಬಾರದು ಮಗಾ. ಅಂದ್ರ, ಮಾಡಬಾರದು ಅಂತ ನನಗ ಈಗ ಗೊತ್ತು. ನಲವತ್ತು ವರ್ಷ ಗೌಂಡಿ ಕೆಲಸ ಮಾಡೀನಿ, ಈ ಕೂಕಟ್‌ಪಲ್ಲಿಯೊಳಗ ನಾ ಗ್ವಾಡಿ ಕಟ್ಟದ ಗಲ್ಲಿ ಇಲ್ಲ, ಆದ್ರೂ ಅದು ನನ್ನ ತಲ್ಯಾಗ ಬರಾಬರ್ ಇಳದಿದ್ದು ಹಲ್ಲು ಬಿದ್ದ ಮ್ಯಾಲ. ಅದೂ ಚರ್ಚಿನ್ಯಾಗ, ಎಲ್ಲಾ ಮಂದಿ ಮುಂದ, ಅಂಗಿ ಬಿಚ್ಚಿ ಕುಂತು. ಕೇಳ್ರಿಲ್ಲಿ, ಅಡಗಿಮನ್ಯಾಗ ನಿಮ್ಮಜ್ಜಿ ಈಗ ನಗಾಕತ್ತಾಳ. ಸ್ಟೆಲ್ಲಾ, ಆ ಫೋನ್ ಕೆಳಗ ಇಡವಾ. ಇಟ್ಟಿ? ಹಾಂ.

ನಮ್ಮದು ಬೀದರ ಕಡೆ ಊರು, ಗೊತ್ತಲ್ಲ. ಹೊಟ್ಟಿಪಾಡಿಗೆ ಈ ಶಹರಕ್ಕ ಬಂದು ಜೀಡಿಮೆಟ್ಲಾದ ಕೂಲಿ ಮಂದಿ ಬಸ್ತಿಯೊಳಗ ನಿಂತವರು. ನಮ್ಮಂಗ ಕಟ್ಟಡದ ಕೆಲಸಕ್ಕ ಬಂದ ಕನ್ನಡದ ಕ್ರೈಸ್ತರು ಇಪ್ಪತ್ತು ಮನಿ ಇದ್ವಿ. ಕಾಗದದ ಮ್ಯಾಲ ನಾವು ಮೆಥಡಿಸ್ಟರು. ಎರಡು ಗಲ್ಲಿ ಆಚೆ ರಾಯಚೂರು ಕಡೆಯವರು ಮೂವತ್ತು ಮನಿ, ಅವರು ಬ್ಯಾಪ್ಟಿಸ್ಟರು. ಬಸ್ತಿ ಮಂದಿಗೆ ಆ ಹೆಸರೆಲ್ಲಾ ಯಾಕ ಬೇಕು? ನಾವು ಚಿಮುಕಸೋರು, ಅವರು ಮುಳುಗಸೋರು. ಅಂದ್ರ ನಮ್ಮಲ್ಲಿ ಕೂಸು ಇದ್ದಾಗ ತಲಿ ಮ್ಯಾಲ ಮೂರು ಸಲ ನೀರು ಚಿಮುಕಿಸಿದ್ರ ದೀಕ್ಷಾಸ್ನಾನ ಆತು. ಅವರಲ್ಲಿ ಹಂಗಲ್ಲ, ವಯಸ್ಸಿಗೆ ಬಂದು, ತಿಳದು, ನೀರಾಗ ಇಳೀಬೇಕು, ಪಾಸ್ಟರ್ ಹಿಂದಕ್ಕ ಬಗ್ಗಿಸಿ ಪೂರಾ ಮುಳುಗಿಸಿ ಎಬ್ಬಿಸಬೇಕು. ಅದಕ್ಕಂತ ಅವರ ಚರ್ಚಿನ್ಯಾಗ ವೇದಿಕಿ ಕೆಳಗ ಒಂದು ಸಿಮೆಂಟಿನ ತೊಟ್ಟಿ ಇತ್ತು. ನಾಕು ಮೊಳ ಉದ್ದ, ಎರಡು ಮೊಳ ಅಗಲ, ಎದಿಮಟ ಆಳ. ಮ್ಯಾಲ ಹಲಗಿ ಮುಚ್ಚಿರತಿದ್ರು. ನಾ ನಮ್ಮ ಸಭೆಗೆ ಹಿರ್ಯಾ. ಹಿರ್ಯಾ ಅಂದ್ರ ದೊಡ್ಡದೇನಲ್ಲ, ಚಾಪಿ ಹಾಸೋದು, ಚಾಪಿ ಸುತ್ತೋದು. ಆದ್ರ ನನ್ನ ಗತ್ತು ನೋಡಬೇಕಿತ್ತು. ಮುಳುಗಸೋರು ದಾರ್ಯಾಗ ಸಿಕ್ಕರ, 'ಏನ್ರಿ, ನಿಮ್ಮ ದೇವರಿಗೆ ಟ್ಯಾಂಕರ್ ಬೇಕು, ನಮ್ಮ ದೇವರಿಗೆ ಲೋಟ ಸಾಕು' ಅಂತಿದ್ದೆ. ಇಬ್ಬರಿಗೂ ಒಬ್ಬನೇ ದೇವರು ಅನ್ನೋದು ಮರತು. ಮೂವತ್ತು ವರ್ಷ ಇದೊಂದ ಜೋಕು. ಕೇಳಿ ಕೇಳಿ ಅವರಿಗೆ ಬ್ಯಾಸರ ಬಂದಿತ್ತು, ಹೇಳಿ ಹೇಳಿ ನನಗ ಬಂದಿರಲಿಲ್ಲ.

ಆಮ್ಯಾಲ ಲಾಕ್‌ಡೌನ್ ಬಂತು. ಕೆಲಸ ಬಂದ್, ಬಸ್ ಬಂದ್, ಎಲ್ಲಾ ಬಂದ್. ನಮ್ಮ ಇಪ್ಪತ್ತು ಮನ್ಯಾಗ ಒಂಬತ್ತು ಮನಿ ಗಂಟು ಕಟ್ಟಿಕೊಂಡು ಊರಿಗೆ ಹೋದ್ವು, ಹೊಳ್ಳಿ ಬರಲಿಲ್ಲ. ಉಳದಿದ್ದು ಹನ್ನೊಂದು. ನಾವು ಆರಾಧನಿ ಮಾಡ್ತಿದ್ದ ತಗಡಿನ ಶೆಡ್ಡು ಇತ್ತಲ್ಲ, ಆ ಜಾಗಾ ನಮ್ಮದಲ್ಲ, ಒಬ್ಬ ಕಂತ್ರಾಟದಾರ ಕೂಡ್ರಾಕ ಬಿಟ್ಟಿದ್ದ. ಅಲ್ಲೆ ಅಪಾರ್ಟ್‌ಮೆಂಟ್ ಎದ್ದಿತು. ಅದರ ಗ್ವಾಡಿ ಕಟ್ಟಿದಾಂವ ಯಾರು ಹೇಳ್ರಿ? ನಾನ! ಬ್ಯಾರೆ ಕೆಲಸ ಇರಲಿಲ್ಲ ಮಗಾ. ನನ್ನ ಚರ್ಚಿದ್ದ ಜಾಗದಾಗ ನಾನ ಇಟ್ಟಂಗಿ ಇಟ್ಟೆ. ಹಿಂಗಾಗಿ ನಿಮ್ಮಜ್ಜಿ ಎರಡು ವರ್ಷ ಕರ್ತನ ಭೋಜನ ತಗೊಂಡಿರಲಿಲ್ಲ. ಏನದು, ಒಂದು ತುಣಕು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ. ನಮಗ ಅಷ್ಟ ಅನಸ್ತೈತಿ, ಅಕಿಗೆ ಅದು ಅಷ್ಟ ಅಲ್ಲ. ಅಕಿ ತಮ್ಮ ಆ ರೋಗದಾಗ ತೀರಿಕೊಂಡಿದ್ದ, ಮಣ್ಣಿಗೂ ಹೋಗಾಕ ಆಗಿರಲಿಲ್ಲ. 'ಮಂದಿ ಜೋಡಿ ಕುಂತು ಒಂದು ಸಲ ಆ ರೊಟ್ಟಿ ತಿಂದ್ರ ಎದಿ ಹಗುರಾಗ್ತೈತ್ರಿ' ಅಂತಿದ್ಳು. ದಿನಾ ಅಂತಿರಲಿಲ್ಲ. ಐತವಾರ ಐತವಾರ ಅಂತಿದ್ಳು.

ಅಂಥಾದ್ರಾಗ ಒಂದಿನ ಮುಳುಗಸೋರ ಪಾಸ್ಟರ್ ಮೋಶೆ ಅವರು ತಾವ ನಮ್ಮ ಮನಿಗೆ ಬಂದ್ರು. ಸಣ್ಣ ಆಳು, ಮಾತು ಭಾಳ ಮೆತ್ತಗ. 'ದಾವೀದಪ್ಪನವರ, ನಮ್ಮ ಕಡೆ ಜಾಗಾ ಐತಿ, ನಿಮಗ ಜಾಗಾ ಇಲ್ಲ. ಐತವಾರ ಕೂಡಿ ಆರಾಧನಿ ಮಾಡೂಣು ಬರ್ರಿ' ಅಂದ್ರು. ನಿಮ್ಮಜ್ಜಿ ಚಾ ಕೊಡಾಕ ಬಂದಾಕಿ ಅಲ್ಲೇ ನಿಂತ್ಳು. ಪಾಸ್ಟರ್ ಚಾದ ಬಸಿ ಕಡೆ ನೋಡಿಕೋತ, 'ಆದ್ರ ಒಂದು ಮಾತ್ರಿ. ಹಾಡು, ಪ್ರಾರ್ಥನಿ, ವಾಕ್ಯ ಎಲ್ಲಾ ಕೂಡಿ. ಭೋಜನ ಮಾತ್ರ ನಮ್ಮಲ್ಲಿ ಮುಳುಗಿದವರಿಗೆ ಅಷ್ಟ. ನಮ್ಮ ಹಿರ್ಯಾರು ಬಿಡಂಗಿಲ್ಲ' ಅಂದ್ರು. ನಿಮ್ಮಜ್ಜಿ ತಡಾ ಮಾಡಲಿಲ್ಲ. 'ಅದಕ್ಕೇನ್ರಿ, ನಾ ಮುಳುಗ್ತೀನಿ' ಅಂದ್ಳು. ನಾ ಎದ್ದು ನಿಂತೆ! 'ಈಗ ಮುಳುಗಿದ್ರ ಮೊದಲಿಂದು ಸುಳ್ಳ ಅಂದಂಗಾತು. ನಮ್ಮಪ್ಪ ನನ್ನ ಬುಟ್ಟ್ಯಾಗ ಹಾಕಿ, ತಲಿ ಮ್ಯಾಲ ಹೊತ್ತು, ತುಂಬಿದ ಹಳ್ಳ ದಾಟಿ ಹೋಗಿ ಕೊಡಿಸಿದ ದೀಕ್ಷಾಸ್ನಾನ ಅದು' ಅಂದೆ. ಅದು ಖರೇ ಮಗಾ, ನಮ್ಮಪ್ಪ ಹಂಗ ಹೋಗಿದ್ದ. ಆದ್ರ ಅಷ್ಟ ಖರೇ ಅಲ್ಲ. ಮೂವತ್ತು ವರ್ಷ ಲೋಟದ ಜೋಕು ಹೇಳಿದಾಂವ ಹೆಂಡ್ತಿನ್ನ ತೊಟ್ಟಿಗೆ ಇಳಿಸಿದ ಅಂದ್ರ ಮಂದಿ ಏನಂದಾರು ಅನ್ನೋ ಫಿಕರ್ ನನಗ. ಅಕಿಗೆ ರೊಟ್ಟಿ ಬೇಕಿತ್ತು, ನನಗ ಇಜ್ಜತ್ ಬೇಕಿತ್ತು. ಅಕಿ ಸುಮ್ಮನಾದ್ಳು. ಅಕಿ ಸುಮ್ಮನಾದ್ರ ಪಲ್ಯಾದಾಗ ಉಪ್ಪು ಇರಂಗಿಲ್ಲ. ಹದಿನೈದು ದಿನ ಹಂಗ ತಿಂದೆ, ಕೇಳೋ ಧೈರ್ಯ ಇರಲಿಲ್ಲ. ಕಡೀಕ ನಾ ಒಪ್ಪಿದ್ದು ಏನಂದ್ರ, ಕೂಡಿ ಆರಾಧನಿ ಮಾಡೂಣು, ಭೋಜನದ ಹೊತ್ತಿಗೆ ನಮ್ಮವರು ಸುಮ್ಮ ಕುಂತು ನೋಡೂಣು.

ಕೂಡಿ ಮಾಡೋ ಮೊದಲ ಐತವಾರದ ತಾರೀಖು ಗೊತ್ತು ಮಾಡಿದ್ವಿ. ಅವತ್ತ ಅವರಲ್ಲಿ ಐದು ಮಂದಿಗೆ ದೀಕ್ಷಾಸ್ನಾನ. ಆದ್ರ ತೊಟ್ಟಿ ಲಾಕ್‌ಡೌನಿನ್ಯಾಗ ಒಣಗಿ ಒಣಗಿ ಬಿರುಕು ಬಿಟ್ಟಿತ್ತು. ನಾ ಎದಿ ಉಬ್ಬಿಸಿ, 'ನಾ ರಿಪೇರಿ ಮಾಡಿ ಕೊಡ್ತೀನ್ರಿ, ನಮ್ಮ ಸಭೆ ಕಡಿಂದ ಕಾಣಿಕಿ' ಅಂದೆ. ಒಳಗೊಳಗ ಏನಿತ್ತು ಗೊತ್ತೇನು? ಮುಳುಗಸೋರು ಮುಳುಗಬೇಕಂದ್ರ ಚಿಮುಕಸೋನ ಕೈ ಬೇಕು ಅಂತ ಇನ್ನ ಮೂವತ್ತು ವರ್ಷ ಹೇಳಬಹುದಲ್ಲ! ನಿಮ್ಮಜ್ಜಿ ಸಿಮೆಂಟು ಕಲಸಿ ಕೊಟ್ಟಳು, ನಾ ಗಿಲಾವು ಮಾಡಿದೆ, ನೀವು ಪ್ಲಾಸ್ಟರ್ ಅಂತೀರಲ್ಲ, ಅದು. ಕನ್ನಡಿ ಹಂಗ ನುಣ್ಣಗ ಮಾಡಿದೆ, ಅದರಾಗ ಸುಳ್ಳಿಲ್ಲ. ಈಗ ಹೊಸ ಗಿಲಾವಿಗೆ ಏಳು ದಿನ ನೀರು ನಿಲ್ಲಿಸಬೇಕು. ಅದು ನೀರು ಕುಡದು ಕುಡದು ಗಟ್ಟಿ ಆಗ್ತೈತಿ, ಇಲ್ಲಂದ್ರ ಬಾಯಿ ಬಿಡ್ತೈತಿ. ಪಾಸ್ಟರ್ ಕೇಳಿದ್ರು, 'ನಮ್ಮ ಪಾಲಿನ ನೀರಾಗ ಇಷ್ಟು ತೊಟ್ಟಿಗೆ ಬಿಡೂಣೇನ್ರಿ?' ಅಂತ. ಕೆಟ್ಟ ಬ್ಯಾಸಿಗಿ ಅದು, ಬೋರು ಬತ್ತಿತ್ತು, ವಾರಕ್ಕೊಂದು ಟ್ಯಾಂಕರ್, ಮನಿಗೆ ಇಷ್ಟ ಕೊಡ ಅಂತ ಲೆಕ್ಕ. ಎರಡೂ ಸಭೆ ಮಂದಿ ಅಲ್ಲೇ ನಿಂತಾರ. ನಾ ಅಂದೆ, 'ಬ್ಯಾಡ್ರಿ ಪಾಸ್ಟರ್, ಚಿಮುಕಿಸಿದ್ರ ಸಾಕು.' ನಮ್ಮವರು ಘೊಳ್ಳಂತ ನಕ್ಕರು. ಜೋಕು ಬಾಯಿಗೆ ಬಂದಿತ್ತು, ಬಿಡಾಕ ಮನಸ್ಸಾಗಲಿಲ್ಲ. ಅಂದ ಮ್ಯಾಲ ಹಂಗ ಮಾಡಬೇಕಲ್ಲ? ಏಳು ದಿನ ಮುಂಜಾನಿ ಒಂದು ಚೊಂಬು, ಸಂಜೀಕ ಒಂದು ಚೊಂಬು. ನಿಮ್ಮಜ್ಜಿ ಅಂದ್ಳು, 'ಏನ್ರಿ, ನೀರು ನಿಲ್ಲಸ್ರಿ. ಏಳು ದಿನ ನಿಲ್ಲಬೇಕು.' ನಾ ಏನಂದೆ? 'ನೀ ಗೌಂಡಿ ಏನು?' ಅಂದೆ. ನಲವತ್ತು ವರ್ಷ ನನ್ನ ಬಾಜೂಕ ಸಿಮೆಂಟಿನ ಬುಟ್ಟಿ ಹೊತ್ತಾಕಿಗೆ ಕೇಳಿದೆ ಇದನ್ನ.

ಶನಿವಾರ ಟ್ಯಾಂಕರ್ ಬಂತು. ಮುಳುಗಸೋರು ತಮ್ಮ ಮೂವತ್ತು ಮನಿ ಪಾಲು ಪೂರಾ ತೊಟ್ಟಿಗೆ ಬಿಟ್ರು. ದೀಕ್ಷಾಸ್ನಾನ ಆದ ಮ್ಯಾಲ ಅದನ್ನ ಬಟ್ಟಿಗೆ, ಭಾಂಡೆಗೆ ಹಂಚಿಕೊಳ್ಳೋದು ಅಂತ ಮಾತಾಗಿತ್ತು. ನಾ ತೊಟ್ಟಿ ದಂಡಿಗೆ ನಿಂತು, 'ಒಂದು ಹನಿ ಸೋರಿದ್ರ ನನ್ನ ಮೀಸಿ ಬೋಳಸ್ತೀನಿ' ಅಂದೆ. ಈಗ ನನ್ನ ಮಾರಿ ನೋಡ್ರಿ, ಮೀಸಿ ಐತೇನು? ಹಾಂ. ಐತವಾರ ಮುಂಜಾನೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು ಗಲ್ಲಿಯೊಳಗ ಹೊಂಟೀನಿ. ಗಲ್ಲಿ ತುಂಬ ನೀರು! ಒಂದು ನಾಯಿ ಆ ಹಸಿ ನೆಲದಾಗ ಮಸ್ತ್ ಮಲಕೊಂಡಿತ್ತು. ನನಗ ಸಿಟ್ಟು ಬಂತು. ಬಾಗಲಾಗ ನಿಂತಿದ್ದ ಒಬ್ಬ ಹೆಣ್ಮಗಳಿಗೆ, 'ಏನವಾ, ನಾಚಿಕಿ ಐತಿಲ್ಲೋ? ಮಂದಿಗೆ ಕುಡಿಯಾಕ ನೀರಿಲ್ಲ, ನೀ ಗಲ್ಲಿಗೆ ಬಿಡ್ತಿ?' ಅಂತ ಸುರು ಮಾಡಿದಾಂವ, ನೀರಿನ ಮ್ಯಾಲ ಪಾಸ್ಟರ್ ಹಂಗ ಒಂದು ಸಣ್ಣ ಪ್ರಸಂಗಾನ ಮಾಡಿದೆ. ಅಕಿ ಬಟ್ಟು ಮಾಡಿ ತೋರಿಸಿದ್ಳು. ಚರ್ಚಿನ ಗ್ವಾಡಿ ತಳದಿಂದ ಜಿನುಗಾಕತ್ತಿತ್ತು.

ಒಳಗ ಹೋದ್ರ ಹಲಗಿ ತಗದಾರ. ಐದು ಮಂದಿ ಬಿಳಿ ಬಟ್ಟಿ ಹಾಕ್ಕೊಂಡು ಬಗ್ಗಿ ತೊಟ್ಟಿ ನೋಡಾಕತ್ತಾರ. ತಳದಾಗ ಒಂದು ಚೊಂಬಿನಷ್ಟು ನೀರು ಉಳದಿತ್ತು, ಹೆಚ್ಚಿಲ್ಲ. ಬೈಬಲಿನ್ಯಾಗ ಮೋಶೆ ಸಮುದ್ರ ಒಣಗಿಸಿದ್ರು ಅಂತ ಓದೀವಿ. ಇಲ್ಲಿ ಮೋಶೆ ಪಾಸ್ಟರ್ ಸುಮ್ಮ ನಿಂತಿದ್ರು, ಒಣಗಿಸಿದಾಂವ ನಾನು. ಯಾರೂ ಬೈಯಲಿಲ್ಲ. ಬೈದಿದ್ರ ಛಲೋ ಇತ್ತು, ಜಗಳಾಡಿ ಮನಿಗೆ ಹೋಗತಿದ್ದೆ. ಮೂವತ್ತು ಮನಿ ಮಂದಿ ವಾರದ ನೀರು ಮಗಾ, ನನ್ನ ಒಂದು ಜೋಕಿಗೆ ಹೋತು. ಭಾಳ ನಾಚಿಕಿ ಆತು ನನಗ, ಸತ್ತಷ್ಟು ನಾಚಿಕಿ. ಪಾಸ್ಟರ್, 'ಇರಲಿ, ಮುಂದಿನ ತಿಂಗಳ ನೋಡೂಣು' ಅಂದ್ರು. ಐದು ಮಂದ್ಯಾಗ ಒಬ್ಬಾಕಿ ಹುಡುಗಿ ಮರುದಿನ ಕೆಲಸಕ್ಕ ಬ್ಯಾರೆ ಊರಿಗೆ ಹೋಗಾಕಿ, ಅಳಾಕ ಹತ್ತಿದ್ಳು. ಅಷ್ಟ್ರಾಗ ನಿಮ್ಮಜ್ಜಿ ಎದ್ದು ಹೊರಗ ಹೋದ್ಳು. ನನ್ನ ಮಾರಿ ನೋಡಾಕ ಆಗಲಾರದ ಹೋದ್ಳು ಅನಕೊಂಡೆ. ಸ್ವಲ್ಪ ಹೊತ್ತಿಗೆ ಬಂದ್ಳು, ಸ್ವಂಟದ ಮ್ಯಾಲ ಕೊಡ. ನಮ್ಮ ಮನಿ ಕುಡಿಯೋ ನೀರು ಅದು. ಸೀದಾ ಬಂದು ತೊಟ್ಟಿಗೆ ಗಳಗಳ ಸುರುವಿದ್ಳು, ಯಾರ ಕಡೆನೂ ನೋಡಲಿಲ್ಲ, ಇನ್ನೊಂದು ಕೊಡ ತರಾಕ ಹೋದ್ಳು. ಆಮ್ಯಾಲ ನಮ್ಮ ಹನ್ನೊಂದು ಮನಿ ಹೆಣ್ಮಕ್ಕಳೂ ಎದ್ರು. ಒಬ್ಬಾಕಿ ಹಿಂದ ಒಬ್ಬಾಕಿ, ಇಪ್ಪತ್ತೆರಡು ಕೊಡ. ಅಲ್ಲ, ಇಪ್ಪತ್ಮೂರು, ಮುದುಕಿ ಒಬ್ಬಾಕಿ ಅರ್ಧರ್ಧ ಎರಡು ಸಲ ತಂದ್ಳು. ಆದ್ರ ಸುರುವಿದಂಗ ಸುರುವಿದಂಗ ಮೂಲ್ಯಾಗಿನ ಬಿರುಕಿನ್ಯಾಗ ಇಳಿಯಾಕತ್ತಿತ್ತು. ನಿಮ್ಮಜ್ಜಿ ನನ್ನ ಕಡೆ ತಿರುಗಿ, 'ನೀ ಗೌಂಡಿ ಏನು' ಅಂದ ಮ್ಯಾಲ ಮೊದಲ್ನೇ ಮಾತು ಆಡಿದ್ಳು. 'ನಿಂತೇನ್ ನೋಡ್ತೀರಿ? ಇಳೀರಿ.'

ಇಳದೆ. ಇಸ್ತ್ರಿ ಅಂಗಿ ಬಿಚ್ಚಿ, ಸುತ್ತಿ, ಬಿರುಕಿನ್ಯಾಗ ತುರುಕಿದೆ, ಅದರ ಮ್ಯಾಲ ಕುಂತೆ. ನೀರು ನಿಂತಿತು. ಲೋಟ ಸಾಕು ಅಂದ ಹಿರ್ಯಾ ತೊಟ್ಟಿ ಮೂಲ್ಯಾಗ ಬರೀ ಮೈಲೆ ಕುಂತಾನ, ಮಂದಿ ಹಾಡು ಹಾಡಾಕತ್ತಾರ. ನೀರು ಗೇಣಿಗಿಂತ ಸ್ವಲ್ಪ ಮ್ಯಾಲ ಬಂತು, ಅದರಾಗ ನನ್ನ ಹೊಟ್ಟಿದೂ ಪಾಲು ಐತಿ. ಅಷ್ಟ ನೀರಾಗ ಯಾರನ್ನ ಮುಳುಗಸ್ತೀರಿ? ಒಬ್ಬೊಬ್ಬರ ಬಂದು ನನ್ನ ಬಾಜೂಕ ಕುಂತ್ರು, ಪಾಸ್ಟರ್ ಬಗ್ಗಿಸಿದ್ರು, ಬೆನ್ನು ತೋಯ್ತು, ಹೊಟ್ಟಿ ತೋಯಲಿಲ್ಲ. ಕಡೀಕ ಪಾಸ್ಟರ್ ಒಂದು ಕೊಡದಾಗ ತೊಟ್ಟಿ ನೀರು ತುಂಬಿಕೊಂಡು, ಪ್ರಾರ್ಥನಿ ಹೇಳಿ, ತಲಿ ಮ್ಯಾಲ ಸುರುವಿದ್ರು. ಐದು ಮಂದಿಗೆ ಐದು ಸಲ, ಐದು ಸಲಾನೂ ಅರ್ಧ ನೀರು ನನ್ನ ಮ್ಯಾಲ. ಅವರ ಹಿರ್ಯಾ ಯೋಹಾನಪ್ಪ ಎದ್ದು ನಿಂತ, 'ಪಾಸ್ಟರ್, ಇದು ಮುಳುಗಿಸೋದೂ ಅಲ್ಲ, ಚಿಮುಕಿಸೋದೂ ಅಲ್ಲ. ಇದೇನ್ರಿ ಇದು?' ಅಂದ. ಪಾಸ್ಟರ್ ಖಾಲಿ ಕೊಡ ಕೆಳಗ ಇಟ್ರು. ಅದ ಮೆತ್ತನ ದನಿಲೆ, 'ಏನಂತ ನನಗೂ ಗೊತ್ತಿಲ್ಲ ಯೋಹಾನಪ್ಪ. ಇವರು ಕುಡಿಯೋ ನೀರಾಗ ನಮ್ಮ ಮಕ್ಕಳ ದೀಕ್ಷಾಸ್ನಾನ ಆತು. ಈಗ ಇವರಿಗೆ ಭೋಜನಕ್ಕ ಬರಬ್ಯಾಡ್ರಿ ಅನ್ನೋ ಬಾಯಿ ನನಗಿಲ್ಲ. ನಿನಗ ಇದ್ರ ನೀ ಹೇಳು' ಅಂದ್ರು.

ಯೋಹಾನಪ್ಪ ಸಾಲಾಗಿ ಇಟ್ಟಿದ್ದ ಖಾಲಿ ಕೊಡ ನೋಡಿದ. ನನ್ನ ನೋಡಿದ. ನಾ ಲೋಟದ ಜೋಕು ಹೆಚ್ಚು ಹೇಳಿದ್ದು ಅವನಿಗೇ. ರೊಟ್ಟಿ ಇದ್ದ ತಾಟು ತಾನ ಎತ್ತಿಕೊಂಡು ಸೀದಾ ನಮ್ಮ ಹೆಣ್ಮಕ್ಕಳ ಸಾಲಿಗೆ ಹೋಗಿ, ಮೊದಲ ನಿಮ್ಮಜ್ಜಿ ಮುಂದ ಹಿಡದ. ಅಕಿ ತಗೊಂಡ್ಳು. ಕಣ್ಣು ಮುಚ್ಚಿಕೊಂಡ್ಳು, ತಮ್ಮನ ಹೆಸರು ತಗೊಂಡಿರಬೇಕು, ತುಟಿ ಅಲುಗಿದ್ವು. ನಮ್ಮ ಪದ್ಧತಿ ಮುಂದ ಹೋಗಿ ಮೊಣಕಾಲೂರಿ ತಗೊಳ್ಳೋದು. ನಾ ಅಂತೂ ಮುಂದ ಇ‌ದ್ದೆ, ಮೊಣಕಾಲಿಗಿಂತ ಕೆಳಗ ಇದ್ದೆ. ಎದ್ದು ಹೋಗಿ ತಗೊಳ್ಳೂಣು ಅಂದ್ರ ಎದ್ದಕೂಡ್ಲೆ ನೀರು ಹೋಗ್ತೈತಿ, ಮೂವತ್ತು ಮನಿ ಬಟ್ಟಿ-ಭಾಂಡೆಗೆ ಈಗ ಉಳದಿದ್ದು ಅದೊಂದ ನೀರು. ಕುಂತ ಇದ್ದೆ. ನನ್ನ ಮರತ್ರು ಅನಕೊಂಡೆ, ಮರತದ್ದು ಬರಾಬರ್ ಐತಿ ಅಂತನೂ ಅನಕೊಂಡೆ. ಆಗ ನಿಮ್ಮಜ್ಜಿ ಎದ್ದು ತೊಟ್ಟಿ ದಂಡಿಗೆ ಬಂದು ಕುಕ್ಕರಗಾಲಿಲೆ ಕುಂತ್ಳು. ತನ್ನ ಕೈಯಾಗಿನ ತುಣಕಿನ್ಯಾಗ ಅರ್ಧ ಮುರದು ನನ್ನ ಬಾಯಿಗೆ ಹಿಡದ್ಳು. ನಾ ಅತ್ತೆ. ಮೈ ತುಂಬ ನೀರಿತ್ತು, ಯಾರಿಗೂ ಗೊತ್ತಾಗಲಿಲ್ಲ, ಅಕಿಗೆ ಗೊತ್ತಾತು. ಏನರ ಬೈಬಲ್ ವಾಕ್ಯ ಹೇಳ್ತಾಳ ಅಂತ ಕಿವಿ ಕೊಟ್ಟೆ. ನನ್ನ ಕಿವ್ಯಾಗ ಹಗೂರಕ, 'ಏಳು ದಿನ ನಿಲ್ಲಸ್ರಿ ಅಂದಿದ್ದೆ' ಅಂದ್ಳು.

ಅಷ್ಟ. ಸಿಮೆಂಟು ಇರಲಿ, ಸಭೆ ಇರಲಿ, ಮಾತು ಕೇಳಿ ನೀರು ನಿಲ್ಲಿಸಿದ್ರ ಗಟ್ಟಿ ಆಗ್ತೈತಿ. ಏಳೋ ಸನ್ನಿ, ಕಟ್ಟಿ ಸುತ್ತ ಮಣ್ಣಿನ ಒಡ್ಡು ಹಾಕಿ ಕೊಡದಿಂದ ಸುರುವು. ಚೊಂಬು ಇಲ್ಲೆ ಇಟ್ಟು ಹೋಗು.