ನಾಲ್ಕನೆಯ ಶೀಲ

ಮರಾಠಿ ಸೀಮೆಯ ಕಾತ್ರಜದಲ್ಲಿ ಸಾಸವಡದ ಬಸ್ಸಿಗೆ ನಿಂತಿದ್ದ ಶಿವರುದ್ರಪ್ಪನಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಬುದ್ಧವಿಹಾರದಿಂದ ಬಂದ ಮುದುಕಿ, ಜೊತೆಗೆ ಬಿಳಿ ಫ್ರಾಕಿನ ಮೊಮ್ಮಗಳು. ನಮ್ಮ ಕಡೆಯವರೆಂದು ಖುಷಿಯಾಗಿ, ಯಾವ ಊರು, ಯಾವ ಮಂದಿ ಎಂದು ಕೇಳಲು ಅವನು ತಿರುಗುವಷ್ಟರಲ್ಲಿ ಹುಡುಗಿ ಸಿಡುಕಿದಳು.

“ಆಯಿ, ಪಂಚಶೀಲ ಅಂದ್ರ ಐದು. ನೀ ನನಗ ನಾಕ ಕಲ್ಸೀದಿ. ಎಲ್ಲಾರೂ ನಕ್ರು.”

“ಹಲ್ಲ ಅದಾವ, ನಗ್ತಾರ. ಬಿಡು ಮಾಯವ್ವ.”

“ನಾಕನೇದು, ಸುಳ್ಳ ಹೇಳಬಾರ್ದು ಅನ್ನೋದು, ಮರ್ತಿದ್ದೇನು?”

“ಮರ್ತಿಲ್ಲ. ನಮ್ಮಪ್ಪ ನನಗ ಐದೂ ಕಲ್ಸಿದ್ದ.”

“ಮತ್ತ ನನಗ್ಯಾಕ ಕಲ್ಸಲಿಲ್ಲ?”

“ಮನಿ ಮಾಲಕಿ ಜಾತಿ ಕೇಳಿದ್ರ ಏನ ಹೇಳು ಅಂದೀನಿ?”

“ಲಿಂಗಾಯತ್ರು ಅನ್ನು ಅಂದೀದಿ.”

“ಜೈಭೀಮದವ್ರು ಅಂತ ಖರೆ ಹೇಳಿದಲ್ಲೆಲ್ಲಾ ಖೋಲಿ ಇಲ್ಲ ಅಂದ್ರು. ಆ ಸುಳ್ಳ ಕಲ್ಸಿದ ಬಾಯಿಲೆ ಈ ಶೀಲ ಹ್ಯಾಂಗ ಕಲಿಸ್ಲಿ? ನಾಲಿಗಿ ಏಳಲಿಲ್ಲವ್ವ.”

ಶಿವರುದ್ರಪ್ಪ ಲಿಂಗಾಯತ. ಅರ್ಧ ತಿರುಗಿದ್ದ ಮುಖವನ್ನು ಮತ್ತೆ ರಸ್ತೆಯ ಕಡೆ ಹೊರಳಿಸಿದ.

“ಈಗರೆ ಕಲಿಸು.”

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಅಂದಳು: “ಮುಸಾವಾದಾ ವೇರಮಣಿ. ಸುಳ್ಳ ಆಡೂದಿಲ್ಲ ಅಂತ.”

“ಮುಸಾವಾದಾ ವೇರಮಣಿ!” ಬಸ್ಸಿನ ಸಾಲಿಗೆಲ್ಲ ಕೇಳುವಂತೆ ಕೂಗಿದಳು ಹುಡುಗಿ.

“ಹಾಂ. ಅಷ್ಟ. ನಮ್ಮಪ್ಪನೂ ಹಿಂಗ ಒದರ್ತಿದ್ದ.”

ಬಸ್ಸು ಬಂತು. ಜನ ನುಗ್ಗಿದರು. ಮುದುಕಿ ಹುಡುಗಿಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದಳು.

“ಆಯಿ, ಮನ್ಯಾಗ ಬಾಗಲಾ ಹಾಕ್ಕೊಂಡು ಶೀಲ ಅಂತೀವಲ್ಲ, ಆವಾಗೂ ಐದು ಅನ್ಲೇನು?”

“ಆ ಮನ್ಯಾಗ ನಾಕ ಅನ್ನವ್ವ.”